ಹೋಯ್ತೋ ಇಲ್ವೋ



ನಾನು ಷೇರು ಮಾರುಕಟ್ಟೆ ಬಗ್ಗೆ ಬರೆಯುತ್ತಿದ್ದೇನೆ ಅಂತ ಗೊತ್ತಾದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಾರೆ. ನನ್ನ ಹೆಸರಿನಲ್ಲಿ ಇವತ್ತಿಗೂ ಒಂದು ಡಿಮ್ಯಾಟ್ ಖಾತೆ ಇಲ್ಲ. ಇರುವುದು ಎರಡು ಎಲ್‌ಐಸಿ ಪಾಲಿಸಿ, ಬೀದಿಯ ಹೆಂಗಸರೆಲ್ಲ ಸೇರಿ ನಡೆಸುವ ಒಂದು ಚೀಟಿ, ಮತ್ತೆ ಸ್ವಲ್ಪ ಬಂಗಾರ. ಅಷ್ಟೇ ನನ್ನ ಹಣಕಾಸು. ಆದರೂ ಬರೆಯುತ್ತಿದ್ದೇನೆ. ಕಾರಣ ನನ್ನ ತಮ್ಮ.

ನಮ್ಮದು ತಾಳವಾಡಿ ಕಡೆ. ನಮ್ಮಲ್ಲಿ ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಮುಗಿಸಿದ ಹುಡುಗರು ಒಂದೋ ಚಾಮರಾಜನಗರ, ಮೈಸೂರು ಅಂತ ಮೇಲೆ ಹೋಗ್ತಾರೆ, ಇಲ್ಲಾಂದ್ರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ, ಪುಳಿಯಂಪಟ್ಟಿ, ಅವಿನಾಶಿ ದಾಟಿ ತಿರುಪ್ಪೂರಿಗೆ ಹೋಗ್ತಾರೆ. ನಾನು ಮೇಲಕ್ಕೆ ಹೋಗಿ ಟಿಸಿಎಚ್ ಮಾಡಿಕೊಂಡು ವಾಪಸ್ ಬಂದೆ. ತಮ್ಮ ಕೆಳಕ್ಕೆ ಇಳಿದವನು ಅಲ್ಲೇ ಉಳಿದ. ಬನಿಯನ್ ಕಂಪನಿಯಲ್ಲಿ ಕೈಮಡಿಚುವ ಕೆಲಸಕ್ಕೆ ಸೇರಿದವನು ಈಗ ಕಟಿಂಗ್ ಮಾಸ್ಟರ್. ಶನಿವಾರ ಶನಿವಾರ ಸಂಬಳ. ಅದರಲ್ಲೇ ಬಾಡಿಗೆ, ಗ್ಯಾಸು, ಮಗಳ ಓದು. ಮಗಳನ್ನು ಕೊಯಮತ್ತೂರಿನ ಕಾಲೇಜಿಗೆ ಸೇರಿಸಬೇಕು ಅಂತ 2022ರ ಮೇ ತಿಂಗಳ ಹೊತ್ತಿಗೆ ನಲವತ್ತು ಸಾವಿರ ಕೂಡಿಟ್ಟಿದ್ದ.

ಆ ತಿಂಗಳ 16, 17ನೇ ತಾರೀಖು ತಿರುಪ್ಪೂರು ಬಂದ್. ಯಾವ ಪಕ್ಷದ ಬಂದೂ ಅಲ್ಲ. ನೂಲಿನ ಬೆಲೆ ಏರಿದ್ದನ್ನು ವಿರೋಧಿಸಿ ಕಂಪನಿಗಳೇ ಎರಡು ದಿನ ಬಾಗಿಲು ಹಾಕಿದ್ದವು. ಊರಿಗೆ ಊರೇ ಸದ್ದಿಲ್ಲದೆ ಕೂತಿತ್ತು. ನಾನು ಸೋಮವಾರ ಸಂಜೆ ಬಸ್ಸು ಹತ್ತಿ ತಮ್ಮನ ಮನೆಗೆ ಹೋಗಿದ್ದೆ. ಕೆಲಸ ಇಲ್ಲದ ಗಂಡಸು ಮನೆಯಲ್ಲಿದ್ದರೆ ಏನು ಮಾಡ್ತಾನೆ? ಮೊಬೈಲ್ ಹಿಡಿದುಕೊಂಡು ಕೂರ್ತಾನೆ.

17ನೇ ತಾರೀಖು ಮಂಗಳವಾರ, ಎಲ್‌ಐಸಿ ಷೇರು ಮೊದಲ ಸಲ ಮಾರುಕಟ್ಟೆಗೆ ಬಂದ ದಿನ. ನಿಮಗೆಲ್ಲ ನೆನಪಿರಬಹುದು, ಏಜೆಂಟರು ಶಾಲೆಗೇ ಬಂದು ಪ್ಯಾನ್ ನಂಬರ್ ಪಾಲಿಸಿಗೆ ಜೋಡಿಸಿ ಅಂತ ಹೇಳಿ ಹೋಗಿದ್ದರು. ಫೆಬ್ರವರಿ 28ರ ಒಳಗೆ ಜೋಡಿಸಿದವರಿಗೆ ಪಾಲಿಸಿದಾರರ ಪಾಲಿನಲ್ಲಿ ಷೇರಿಗೆ 60 ರೂಪಾಯಿ ರಿಯಾಯಿತಿ. ಕೇಂದ್ರ ಸರ್ಕಾರ ತನ್ನ ಪಾಲಿನಲ್ಲಿ ಬರೀ ಮೂರೂವರೆ ಪರ್ಸೆಂಟ್ ಮಾರಿದ್ದು, ಅದೇ ಸುಮಾರು 21 ಸಾವಿರ ಕೋಟಿ. ಆ ಹೊತ್ತಿಗೆ ನಮ್ಮ ದೇಶದಲ್ಲಿ ಅಷ್ಟು ದೊಡ್ಡ ಷೇರು ಬಿಡುಗಡೆ ಆಗಿರಲಿಲ್ಲ. ಬೆಲೆ 949 ರೂಪಾಯಿ. ತಮ್ಮ ಪ್ಯಾನ್ ಜೋಡಿಸುವುದನ್ನು ನಾಳೆ ನಾಳೆ ಅಂತ ಬಿಟ್ಟಿದ್ದ. ಅದಕ್ಕೇ ಹೊಟ್ಟೆಯುರಿ ಅವನಿಗೆ. ಮಾರುಕಟ್ಟೆಗೆ ಬಂದ ದಿನವೇ ತಗೊಳ್ತೀನಿ ಅಂತ ಕಾದಿದ್ದ.

ಬೆಳಿಗ್ಗೆ ನೋಡಿದರೆ 949ರ ಷೇರು ಮುಂಬಯಿ ಷೇರುಪೇಟೆಯಲ್ಲಿ 867 ರೂಪಾಯಿ 20 ಪೈಸೆಗೆ ಶುರುವಾಯಿತು. ಎಲ್ಲರೂ ಮುಖ ಸಣ್ಣ ಮಾಡಿಕೊಂಡರೆ ನಮ್ಮವನಿಗೆ ಖುಷಿ. "ನೋಡಕ್ಕ, ರಿಯಾಯಿತಿ ಸಿಕ್ಕೋರಿಗಿಂತ ನಂಗೇ ಕಮ್ಮಿಗೆ ಸಿಕ್ತದೆ. ಸರ್ಕಾರದ್ದು, ಎಲ್ಲಿಗೋಯ್ತದೆ?" ಅಂದ. ಇಪ್ಪತ್ತು ಷೇರು ತಗೊಳ್ಳೋದು ಅಂತ ತೀರ್ಮಾನ. ಕಾಲೇಜಿನ ದುಡ್ಡಿನಲ್ಲಿ ಅರ್ಧಕ್ಕಿಂತ ಕಡಿಮೆ. ಮಿಕ್ಕಿದ್ದು ಹಾಗೇ ಇರ್ತದೆ ಅಂತ ಹೆಂಡತಿಗೆ ಮಾತು ಕೊಟ್ಟಿದ್ದ.

ಹತ್ತು ಗಂಟೆ ಆಗಿ ಸ್ವಲ್ಪ ಹೊತ್ತಿಗೆ ಒತ್ತಿದ. ಆಪ್‌ನಲ್ಲಿ ಒಂದು ಚಕ್ರ ಸುತ್ತಲು ಶುರುವಾಯಿತು. ಸುತ್ತಿತು, ಸುತ್ತಿತು... ಆರ್ಡರ್ ಪಟ್ಟಿ ನೋಡಿದರೆ ಖಾಲಿ. ದುಡ್ಡು ಹಾಗೇ ಇದೆ ಅಂತ ತೋರಿಸುತ್ತಿದೆ. ಷೇರಿನ ಬೆಲೆ ಮಾತ್ರ ಮೇಲೇರುತ್ತಿದೆ.

"ಅಕ್ಕೋ, ಒತ್ತಿದೆ ಕಣಕ್ಕ. ಹೋಯ್ತೋ ಇಲ್ವೋ ಗೊತ್ತಾಯ್ತಿಲ್ಲ."

ನನ್ನನ್ನು ಕೇಳಿ ಏನು ಪ್ರಯೋಜನ? ನಾನು ದಿನಾ ಬೆಳಿಗ್ಗೆ ಹಾಜರಿ ಆಪ್‌ನಲ್ಲಿ ಮಕ್ಕಳ ಹಾಜರಿ ಹಾಕಿ ಇದೇ ಚಕ್ರ ನೋಡುತ್ತಾ ನಿಲ್ಲುವವಳು. ನೆಟ್‌ವರ್ಕ್ ಸಿಗಲಿ ಅಂತ ಹುಣಸೆ ಮರದ ಹತ್ತಿರಕ್ಕೆ ಓಡುವವಳು. ಬಾಯಿ ತಪ್ಪಿ ಹೇಳಿಬಿಟ್ಟೆ, "ಇನ್ನೊಂದ್ಸಲ ಒತ್ತಿ ನೋಡು." ಶಾಲೆಯಲ್ಲಿ ನಾನು ಮಾಡುವುದು ಅದನ್ನೇ. ಹಾಜರಿ ಎರಡು ಸಲ ಹೋದರೆ ಏನೂ ಆಗುವುದಿಲ್ಲ, ಇದ್ದ ಮಕ್ಕಳು ಇದ್ದಷ್ಟೇ. ಅವನೂ ಒತ್ತಿದ.

ಮಧ್ಯಾಹ್ನದ ಹೊತ್ತಿಗೆ ಆಪ್ ಸರಿಹೋಯಿತು. ಆರ್ಡರ್ ಎರಡೂ ಹೋಗಿದ್ದವು. ನಲವತ್ತು ಷೇರು, ಸರಾಸರಿ ಒಂಬೈನೂರರ ಹತ್ತಿರ. ನಲವತ್ತು ಸಾವಿರದಲ್ಲಿ ಮೂವತ್ತಾರು ಸಾವಿರ ಹೋಗಿತ್ತು. ಸಂಜೆ ಮಾರುಕಟ್ಟೆ ಮುಚ್ಚುವಾಗ ಬೆಲೆ ಅದಕ್ಕಿಂತ ಕೆಳಗೆ. ಅಡುಗೆ ಮನೆಯಿಂದ ಪಾತ್ರೆಯ ಸದ್ದು ಯಾಕೋ ಜೋರಾಗಿ ಬರುತ್ತಿತ್ತು.

ಆಪ್‌ನವರಿಗೆ ದೂರು ಬರೆದವಳು ನಾನೇ. ಬಿಎ ಓದಿದ್ದಕ್ಕೆ ಅಷ್ಟಾದರೂ ಬೇಡವೇ. ಉತ್ತರ ಬಂತು. ತಾಂತ್ರಿಕ ತೊಂದರೆಗೆ ವಿಷಾದಿಸುತ್ತೇವೆ, ಆದರೆ ಎರಡು ಆರ್ಡರನ್ನೂ ನಿಮ್ಮ ಫೋನಿನಿಂದಲೇ ಒತ್ತಲಾಗಿದೆ ಅಂತ. ಸುಳ್ಳೇನಲ್ಲ. ಒತ್ತಿದ್ದು ನಾವೇ. ಒತ್ತು ಅಂದಿದ್ದು ನಾನೇ.

ಇದು ನನ್ನ ತಲೆಯಿಂದ ಹೋಗಲೇ ಇಲ್ಲ. ಅಷ್ಟು ದೊಡ್ಡ ವ್ಯವಸ್ಥೆ, ಅದರಲ್ಲಿ ಒಬ್ಬ ಕಟಿಂಗ್ ಮಾಸ್ಟರ್ ಹೀಗೆ ಪೆದ್ದನಾಗುವುದು ನಮಗೊಬ್ಬರಿಗೇ ಆಗಿರುವುದೋ ಅಂತ ಹುಡುಕಿ ಓದತೊಡಗಿದೆ. ಆಗ ಸಿಕ್ಕಿದ್ದು ಫೇಸ್‌ಬುಕ್ ಷೇರು ಮಾರುಕಟ್ಟೆಗೆ ಬಂದ ದಿನದ ಕಥೆ. ಲೆಕ್ಕ ಹಾಕಿದರೆ ನಮ್ಮ ಕಥೆಗೆ ಹತ್ತು ವರ್ಷಕ್ಕೆ ಒಂದು ದಿನ ಮಾತ್ರ ಕಡಿಮೆ. 2012ರ ಮೇ 18, ಶುಕ್ರವಾರ.

ಅಮೆರಿಕದ ನಾಸ್ಡಾಕ್ ಎಂಬ ಷೇರುಪೇಟೆ. ಒಂದು ಷೇರಿಗೆ 38 ಡಾಲರ್, ಒಟ್ಟು 1,600 ಕೋಟಿ ಡಾಲರ್ ಸಂಗ್ರಹ. ಮಾರ್ಕ್ ಜುಕರ್‌ಬರ್ಗ್ ಕ್ಯಾಲಿಫೋರ್ನಿಯಾದ ತಮ್ಮ ಕಚೇರಿಯಿಂದಲೇ ಗಂಟೆ ಬಾರಿಸಿದರು. ನ್ಯೂಯಾರ್ಕ್ ಸಮಯ ಬೆಳಿಗ್ಗೆ 11ಕ್ಕೆ, ಅಂದರೆ ನಮ್ಮಲ್ಲಿ ರಾತ್ರಿ ಎಂಟೂವರೆಗೆ ವ್ಯಾಪಾರ ಶುರುವಾಗಬೇಕಿತ್ತು. ಆಗಲಿಲ್ಲ. 11 ಗಂಟೆ 5 ನಿಮಿಷಕ್ಕೆ ಅಂದರು. ಆಗಲೂ ಆಗಲಿಲ್ಲ. ಕೊನೆಗೆ ಶುರುವಾದದ್ದು ಹನ್ನೊಂದೂವರೆಗೆ.

ಯಾಕೆ ತಡವಾಯಿತು ಅಂತ ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಲೆಯ ಮೊಟ್ಟೆ ಲೆಕ್ಕ.

ಮೊದಲು ಆ ಕಡೆಯದು ಹೇಳಿಬಿಡುತ್ತೇನೆ. ಹೊಸ ಷೇರಿಗೆ ಮೊದಲ ಬೆಲೆ ಅಂತ ಒಂದು ಇರುವುದಿಲ್ಲವಲ್ಲ. ಅದಕ್ಕೆ ಕೊಳ್ಳುವವರ ಚೀಟಿ, ಮಾರುವವರ ಚೀಟಿ ಎಲ್ಲವನ್ನೂ ಮೊದಲು ಗುಡ್ಡೆ ಹಾಕಿಕೊಳ್ಳುತ್ತಾರೆ. ಅವಿನಾಶಿಯಲ್ಲಿ ಹತ್ತಿ ಹರಾಜು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ಹೆಚ್ಚು ಕೂಗಿದವನಿಗೆ ಅಂತ ಅಲ್ಲ, ಯಾವ ಬೆಲೆಗೆ ಅತಿ ಹೆಚ್ಚು ಷೇರು ಕೈ ಬದಲಾಗುತ್ತದೋ ಆ ಬೆಲೆಯನ್ನು ಕಂಪ್ಯೂಟರ್ ಹುಡುಕುತ್ತದೆ. ಸಾಮಾನ್ಯವಾಗಿ ಅದಕ್ಕೆ ಸೆಕೆಂಡಿನ ಸಾವಿರದ ಒಂದೋ ಎರಡೋ ಭಾಗ ಸಾಕು. ಲೆಕ್ಕ ಮುಗಿದ ಮೇಲೆ ಅದು ಒಂದು ಸಲ ಹಿಂತಿರುಗಿ ನೋಡುತ್ತದೆ, ನಾನು ಲೆಕ್ಕ ಮಾಡುವಷ್ಟರಲ್ಲಿ ಯಾರಾದರೂ ತಮ್ಮ ಆರ್ಡರ್ ವಾಪಸ್ ತಗೊಂಡರೇ ಅಂತ. ತಗೊಂಡಿದ್ದರೆ ಮತ್ತೆ ಲೆಕ್ಕ.

ಫೇಸ್‌ಬುಕ್ ದಿನ ಲಕ್ಷಗಟ್ಟಲೆ ಆರ್ಡರ್. ಲೆಕ್ಕಕ್ಕೆ ಸಾವಿರದ ಇಪ್ಪತ್ತು ಭಾಗ ಬೇಕಾಯಿತು. ನಮಗೆ ಕಣ್ಣು ಮಿಟುಕಿಸಲೂ ಅಷ್ಟು ಸಾಲದು, ಆದರೆ ಅಷ್ಟರಲ್ಲೇ ಯಾರೋ ಒಬ್ಬರು ಆರ್ಡರ್ ರದ್ದು ಮಾಡಿರುತ್ತಿದ್ದರು. ಮತ್ತೆ ಲೆಕ್ಕ. ಅಷ್ಟರಲ್ಲಿ ಇನ್ನೊಬ್ಬರ ರದ್ದು. ಮತ್ತೆ ಲೆಕ್ಕ. ಯಂತ್ರ ಗಾಣದ ಎತ್ತಿನ ಹಾಗೆ ಅದೇ ಜಾಗದಲ್ಲಿ ಸುತ್ತಿತು.

ಮೊಟ್ಟೆ ಲೆಕ್ಕ ಗೊತ್ತಲ್ಲ? ಮಧ್ಯಾಹ್ನದ ಊಟಕ್ಕೆ ಎಷ್ಟು ಮಕ್ಕಳು ಅಂತ ತಲೆ ಎಣಿಸಿ ಆಯಮ್ಮನಿಗೆ ಹೇಳಬೇಕು. 62 ಅಂತ ಎಣಿಸಿ ಬರೆಯುವಷ್ಟರಲ್ಲಿ ಒಬ್ಬಳ ಅಪ್ಪ ಬಂದು ಕರೆದುಕೊಂಡು ಹೋಗಿರುತ್ತಾರೆ. 61 ಅಂತ ತಿದ್ದುವಷ್ಟರಲ್ಲಿ ಇಬ್ಬರು ತಡವಾಗಿ ಬರುತ್ತಾರೆ. ಹೊಸದಾಗಿ ಸೇರಿದ ವರ್ಷ ನಾನು ಹೀಗೆ ಎಣಿಸಿ ಎಣಿಸಿ ಸಾಕಾಗಿ ಕೂತಿದ್ದೆ. ಆಗ ನಮ್ಮ ಹೆಡ್‌ಮಾಸ್ಟರ್ ಹೇಳಿದ್ದು ಇಷ್ಟೇ, "ಮೊದ್ಲು ಗೇಟ್ ಹಾಕಮ್ಮ, ಆಮೇಲೆ ಎಣ್ಸು."

ನಾಸ್ಡಾಕ್‌ನಲ್ಲಿ ಗೇಟ್ ಹಾಕುವ ಪದ್ಧತಿ ಇರಲಿಲ್ಲ. ಕೊನೆ ಗಳಿಗೆಯವರೆಗೂ ಆರ್ಡರ್ ಹಾಕಬಹುದು, ತೆಗೆಯಬಹುದು. ಮೊದಲೇ ನಡೆಸಿದ್ದ ಪರೀಕ್ಷೆಯಲ್ಲಿ ಇಷ್ಟೊಂದು ಆರ್ಡರ್ ಹಾಕಿ ನೋಡಿಯೂ ಇರಲಿಲ್ಲ. ಕೊನೆಗೆ ಅವರು ಮಾಡಿದ್ದೇನು ಗೊತ್ತೇ? ಹಿಂತಿರುಗಿ ನೋಡುವ ಆ ತಪಾಸಣೆಯ ಕೆಲವು ಸಾಲುಗಳನ್ನೇ ಪ್ರೋಗ್ರಾಂನಿಂದ ಕಿತ್ತುಹಾಕಿದರು! ಎತ್ತು ನಿಂತಿತು, ವ್ಯಾಪಾರ ಶುರುವಾಯಿತು, 42 ಡಾಲರ್ 5 ಸೆಂಟಿಗೆ. ಆದರೆ ಯಂತ್ರ ಸುತ್ತುತ್ತಿದ್ದ ಹೊತ್ತಿನಲ್ಲಿ, 11 ಗಂಟೆ 11 ನಿಮಿಷದಿಂದ ಹನ್ನೊಂದೂವರೆವರೆಗೆ ಬಂದಿದ್ದ ಆರ್ಡರ್‌ಗಳು ಲೆಕ್ಕಕ್ಕೇ ಸೇರಲಿಲ್ಲ. 30 ಸಾವಿರಕ್ಕೂ ಹೆಚ್ಚು ಆರ್ಡರ್ ಎರಡು ಗಂಟೆಗೂ ಹೆಚ್ಚು ಕಾಲ ಹೊಟ್ಟೆಯೊಳಗೇ ಸಿಕ್ಕಿಕೊಂಡವು. ಮೊದಲ ಬೆಲೆಯಲ್ಲಿ ವ್ಯಾಪಾರ ಆದವರಿಗೂ ಆಯಿತು ಅಂತ ಖಾತರಿ ಬರಲಿಲ್ಲ. ಬಂದಿದ್ದು ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ. ಅಷ್ಟು ಹೊತ್ತು ಅಮೆರಿಕದ ದೊಡ್ಡ ದೊಡ್ಡ ಬ್ರೋಕರುಗಳು ಒಂದೇ ಪ್ರಶ್ನೆ ಕೇಳಿಕೊಂಡು ಕೂತಿದ್ದರು. ಇಂಗ್ಲಿಷಿನಲ್ಲಿ ಕೇಳಿಕೊಂಡಿರಬೇಕು, ಆದರೆ ಪ್ರಶ್ನೆ ನನ್ನ ತಮ್ಮನದೇ. ಹೋಯ್ತೋ ಇಲ್ವೋ?

ಓದುತ್ತಾ ಮುಂದೆ ಹೋದರೆ ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕಿನ ವಿಷಯ ಸಿಕ್ಕಿತು. ಇದನ್ನು ಓದಿ ನಾನು ಎದ್ದು ಕೂತೆ. ಯುಬಿಎಸ್ ಗ್ರಾಹಕರ ಆರ್ಡರ್‌ಗಳನ್ನು ಕಳಿಸಿತ್ತು. ಖಾತರಿ ಬರಲಿಲ್ಲ. ಅವರ ಕಂಪ್ಯೂಟರ್ ವ್ಯವಸ್ಥೆ ಹೇಗೆ ರೂಪಿಸಲಾಗಿತ್ತೆಂದರೆ, ಖಾತರಿ ಬಾರದಿದ್ದರೆ ಆರ್ಡರನ್ನು ಮತ್ತೆ ಕಳಿಸುತ್ತಿತ್ತು. ಮತ್ತೆ ಮತ್ತೆ ಕಳಿಸಿತು. ಕೊನೆಗೆ ನೋಡಿದರೆ ಗ್ರಾಹಕರು ಕೇಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಫೇಸ್‌ಬುಕ್ ಷೇರು ಬ್ಯಾಂಕಿನ ತಲೆಗೆ ಬಂದು ಕೂತಿದ್ದವು. ನಷ್ಟ 35 ಕೋಟಿ ಡಾಲರ್‌ಗೂ ಹೆಚ್ಚು ಅಂತ ಬ್ಯಾಂಕೇ ಆ ವರ್ಷದ ಜುಲೈ ಕೊನೆಗೆ ಹೇಳಿತು.

ಇದನ್ನು ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅವ್ರಿಗೂ ಯಾರೋ ಅಕ್ಕ ಇದ್ಲೇನೋ ಒತ್ತು ಅನ್ನಕೆ" ಅಂದ. ಬಂದ್ ದಿನದ ಮೇಲೆ ಅವನು ನಕ್ಕಿದ್ದು ಆಗಲೇ.

ಪ್ರೋಗ್ರಾಂ ಬರೆದ ಇಂಜಿನಿಯರು ಆಗಲಿ, ತಿರುಪ್ಪೂರಿನ ಕಟಿಂಗ್ ಮಾಸ್ಟರ್ ಆಗಲಿ, ಉತ್ತರ ಬರದೇ ಇದ್ದಾಗ ಇನ್ನೊಮ್ಮೆ ಕೇಳುತ್ತಾರೆ. ಬಾಗಿಲು ತಟ್ಟಿ ಯಾರೂ ಓ ಅನ್ನದಿದ್ದರೆ ಮತ್ತೆ ತಟ್ಟುತ್ತೇವಲ್ಲ, ಹಾಗೆ. "ಇಲ್ಲ" ಅಂತ ಹೇಳಿದ್ದರೂ ನನ್ನ ತಮ್ಮ ಬದುಕಿಕೊಳ್ಳುತ್ತಿದ್ದ. ಏನೂ ಹೇಳದೆ ಚಕ್ರ ಸುತ್ತಿದ್ದೇ ಅವನಿಗೆ ಹೊಡೆತ. ಆದರೂ ಎರಡು ಆರ್ಡರ್ ಹೋದರೆ ತಪ್ಪು ಎರಡನೇ ಸಲ ಒತ್ತಿದವನದು ಅಂತಲೇ ಆಗುತ್ತದೆ. ಇದು ನನಗೆ ಈಗಲೂ ಸರಿ ಕಾಣುವುದಿಲ್ಲ.

ಅಲ್ಲಿ ಯುಬಿಎಸ್‌ನಂಥವರಿಗೆ ವಕೀಲರಿದ್ದರು. ಅಮೆರಿಕದ ಷೇರು ನಿಯಂತ್ರಕ ಸಂಸ್ಥೆ 2013ರ ಮೇ 29ರಂದು ನಾಸ್ಡಾಕ್‌ಗೆ 1 ಕೋಟಿ ಡಾಲರ್ ದಂಡ ಹಾಕಿತು. ಒಂದು ಷೇರುಪೇಟೆಗೆ ಅಷ್ಟು ದಂಡ ಅಲ್ಲಿಯವರೆಗೆ ಬಿದ್ದಿರಲಿಲ್ಲ. ನಷ್ಟವಾದ ಬ್ರೋಕರುಗಳಿಗಾಗಿ ನಾಸ್ಡಾಕ್ 6 ಕೋಟಿ 20 ಲಕ್ಷ ಡಾಲರ್ ತೆಗೆದಿಟ್ಟಿತು. ಯುಬಿಎಸ್ ಒಂದರ ನಷ್ಟದ ಮುಂದೆ ಅದು ಎಷ್ಟು ಅಂತ ನೀವೇ ನೋಡಿ. ಇನ್ನೊಂದು ವಿಚಿತ್ರ ಕೇಳಿ. ಆ ಗೊಂದಲದಲ್ಲಿ ನಾಸ್ಡಾಕ್‌ನ ಕೈಯಲ್ಲೇ 30 ಲಕ್ಷಕ್ಕೂ ಹೆಚ್ಚು ಷೇರಿನ ಮಾರಾಟದ ಲೆಕ್ಕ ಉಳಿದುಕೊಂಡಿತು. ಬೆಲೆ ಬಿದ್ದಾಗ ಅದರಿಂದ ಅದಕ್ಕೆ ಸುಮಾರು 1 ಕೋಟಿ 8 ಲಕ್ಷ ಡಾಲರ್ ಲಾಭ ಬಂತು! ಕ್ಲಾಸಿನಲ್ಲಿ ಗಲಾಟೆ ಎಬ್ಬಿಸಿದವನಿಗೇ ಮೊದಲ ಬಹುಮಾನ ಬಂದ ಹಾಗೆ.

ಷೇರಿನ ಗತಿ? ಮೊದಲ ದಿನ 38 ಡಾಲರ್ 23 ಸೆಂಟಿಗೆ ನಿಂತಿದ್ದು ಸೆಪ್ಟೆಂಬರ್ 4ಕ್ಕೆ 17 ಡಾಲರ್ 73 ಸೆಂಟಿಗೆ ಇಳಿಯಿತು. ಆಮೇಲೆ ಎಲ್ಲಿಗೆ ಏರಿತು ಅಂತ ನಿಮಗೆ ಗೊತ್ತು. ಮುಂದಿನ ವರ್ಷ ಟ್ವಿಟರ್ ಷೇರು ಬಂದಾಗ ಅವರು ನಾಸ್ಡಾಕ್ ಬಿಟ್ಟು ನ್ಯೂಯಾರ್ಕ್ ಷೇರುಪೇಟೆಗೆ ಹೋದರು. ಅಲ್ಲಿಯವರು ಹತ್ತು ಹನ್ನೆರಡು ದಿನ ಮೊದಲೇ, 2013ರ ಅಕ್ಟೋಬರ್ 26ರ ಶನಿವಾರ, ರಜೆಯ ದಿನ ಬ್ರೋಕರುಗಳನ್ನೆಲ್ಲ ಕೂಡಿಸಿ ಸುಳ್ಳು ವ್ಯಾಪಾರ ನಡೆಸಿ ಅಭ್ಯಾಸ ಮಾಡಿದರು. ಸ್ಕೂಲ್ ಡೇಗೆ ಮೊದಲು ನಾವು ಗ್ರ್ಯಾಂಡ್ ರಿಹರ್ಸಲ್ ಮಾಡಿಸುವುದಿಲ್ಲವೇ, ಅದೇ.

ನಮ್ಮ ದೇಶದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಫೇಸ್‌ಬುಕ್ ಗಲಾಟೆಗೆ ನಾಲ್ಕು ತಿಂಗಳು ಮೊದಲೇ, 2012ರ ಜನವರಿಯಲ್ಲಿ, ನಮ್ಮ ಸೆಬಿ ಹೊಸ ಷೇರಿನ ಮೊದಲ ದಿನಕ್ಕೆ ಒಂದು ನಿಯಮ ತಂದಿತ್ತು. ಎಲ್‌ಐಸಿ ಬಂದ ದಿನವೂ ಅದೇ ಕ್ರಮ. 9ರಿಂದ 9:45ರ ತನಕ ಆರ್ಡರ್ ಹಾಕಿ, ತಿದ್ದಿ, ತೆಗೆಯಿರಿ. ಆಮೇಲೆ ಗೇಟ್ ಬಂದ್. 9:55ರ ತನಕ ಲೆಕ್ಕ. 10ಕ್ಕೆ ಮಾಮೂಲಿ ವ್ಯಾಪಾರ. ನಮ್ಮ ಹೆಡ್‌ಮಾಸ್ಟರ್ ಹೇಳಿದ ಹಾಗೆ ಮೊದಲು ಗೇಟ್, ಆಮೇಲೆ ಎಣಿಕೆ. ಎಲ್‌ಐಸಿ ದಿನ ಷೇರುಪೇಟೆ ಕೆಡಲಿಲ್ಲ. ಕೆಟ್ಟದ್ದು ತಮ್ಮನಿಗೂ ಷೇರುಪೇಟೆಗೂ ನಡುವೆ ಇದ್ದ ಆಪ್. ಹಾಗಂತ ಷೇರುಪೇಟೆ ಕೆಡುವುದೇ ಇಲ್ಲ ಅಂತಲ್ಲ. 2021ರ ಫೆಬ್ರವರಿ 24ರಂದು ಎನ್‌ಎಸ್‌ಇ 11:40ಕ್ಕೆ ನಿಂತಿದ್ದು ಮತ್ತೆ ಶುರುವಾಗಿದ್ದು ಮಧ್ಯಾಹ್ನ 3:45ಕ್ಕೆ. ಸಂಜೆ 5ರ ತನಕ ವ್ಯಾಪಾರ ನಡೆಸಿದರು.

ಕೊಯಮತ್ತೂರಿನಲ್ಲಿ ನಮಗೆ ಗುರುತಿನ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಕೊಯಮತ್ತೂರಿಗೇ ಒಂದು ಷೇರುಪೇಟೆ ಇತ್ತು ಅಂತ ನನಗೆ ಹೇಳಿದ್ದು ಅವರೇ. 1991ರಲ್ಲಿ ಮಾನ್ಯತೆ ಸಿಕ್ಕಿದ್ದು. ಮುಂಬಯಿಯ ಪರದೆಗಳು ಊರೂರಿಗೆ ಬಂದ ಮೇಲೆ ಅಲ್ಲಿ ವ್ಯಾಪಾರ ಸೊರಗಿ, 2013ರಲ್ಲಿ ಸೆಬಿ ಅದನ್ನು ಮುಚ್ಚಲು ಅನುಮತಿ ಕೊಟ್ಟಿತು. ತಮ್ಮನ ಕಥೆ ಕೇಳಿ ಮೇಷ್ಟ್ರು ಹೇಳಿದರು, "ಆಗ ಬ್ರೋಕರ್ ಆಫೀಸಿಗೆ ಹೋಗಿ ಬೆಂಚಿನ ಮೇಲೆ ಕೂತಿರ್ತಿದ್ವಮ್ಮ. ಆಯ್ತಾ ಅಂತ ಕೇಳಿದ್ರೆ ಗುಮಾಸ್ತ ಕತ್ತಾದ್ರೂ ಅಲ್ಲಾಡಿಸ್ತಿದ್ದ." ಆ ಕಾಲದಲ್ಲಿ ಮೋಸ ಇರಲಿಲ್ಲವೇ ಅಂತ ಕೇಳಿದೆ. "ಬೇಕಾದಷ್ಟಿತ್ತು" ಅಂದರು. ಕಾಗದದ ಷೇರು ಕಳೆದುಹೋಗುವುದು, ಸಹಿ ಹೊಂದಲಿಲ್ಲ ಅಂತ ವಾಪಸ್ ಬರುವುದು ಎಲ್ಲ ಇತ್ತಂತೆ. ಹಳೆಯದೇ ಚೆನ್ನಾಗಿತ್ತು ಅಂತ ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಜೂನ್ ಬಂತು. ಎಲ್‌ಐಸಿ ಷೇರು 650ರ ತನಕ ಇಳಿದಿತ್ತು. ಕಾಲೇಜಿನವರು ಕಾಯುತ್ತಾರೆಯೇ? ಇಪ್ಪತ್ತೈದು ಷೇರನ್ನು 670ರ ಆಸುಪಾಸಿನಲ್ಲಿ ಮಾರಿದ. ಒಂದಕ್ಕೆ ಇನ್ನೂರ ಮೂವತ್ತು ರೂಪಾಯಿ ಹೋಯಿತು. ಕೊರತೆ ಬಿದ್ದದ್ದನ್ನು ನಾನು ಹಾಕಿದೆ, ಆ ತಿಂಗಳು ಚೀಟಿ ಎತ್ತಿ. ಒತ್ತು ಅಂದವಳು ನಾನೇ ಅಲ್ಲವೇ. ನಾದಿನಿ ಬೇಡ ಬೇಡ ಅಂತ ಎರಡು ಸಲ ಅಂದಳು, ಮೂರನೇ ಸಲಕ್ಕೆ ತಗೊಂಡಳು. ಹುಡುಗಿ ಬಿ.ಕಾಂ. ಸೇರಿದಳು.

ಮಿಕ್ಕ ಹದಿನೈದು ಷೇರು ಹಾಗೇ ಬಿಟ್ಟಿದ್ದ. ಮಾರಲು ಮನಸ್ಸಿಲ್ಲ, ನೋಡಲೂ ಮನಸ್ಸಿಲ್ಲ. 2024ರ ಫೆಬ್ರವರಿಯಲ್ಲಿ ಅದು ಸಾವಿರ ದಾಟಿದ ದಿನ ನಾನು ಕ್ಲಾಸಿನಲ್ಲಿ ಭಾಗಾಕಾರ ಹೇಳಿಕೊಡುತ್ತಿದ್ದೆ. ಮಧ್ಯಾಹ್ನ ಹುಣಸೆ ಮರದ ಹತ್ತಿರ ಹೋದಾಗ ಫೋನ್ ಎರಡು ಸಲ ಟಣ್ ಟಣ್ ಅಂದಿತು. ತಮ್ಮ ಷೇರಿನ ಬೆಲೆಯ ಚಿತ್ರ ಕಳಿಸಿದ್ದ. ಕೆಳಗೆ ಇನ್ನೊಂದು ಸಲ ಅದೇ ಚಿತ್ರ.

"ಮೊದ್ಲು ಕಳ್ಸಿದ್ದು ಹೋಯ್ತೋ ಇಲ್ವೋ ಗೊತ್ತಾಗ್ನಿಲ್ಲ ಕಣಕ್ಕ" ಅಂತ ಬರೆದಿದ್ದ.